ಹೊಸ ಮಾತ್ರೆ ಆಮೇಲೆ, ಮೊದಲು ಆ ಹಳೇ ಡಬ್ಬಿ ತೆಗೆಯಿರಿ

ಓದುಗರ ಪ್ರಶ್ನೆ, ಡಾಕ್ಟರಮ್ಮನ ಉತ್ತರ

ಪ್ರಶ್ನೆ: ಡಾಕ್ಟರಮ್ಮ, ನಮಸ್ಕಾರ. ನಮ್ಮದು ಮದ್ದೂರು ತಾಲ್ಲೂಕಿನ ಒಂದು ಹಳ್ಳಿ. ನಮ್ಮ ಅತ್ತೆಗೆ 76 ವರ್ಷ. ಮರೆವಿನ ಕಾಯಿಲೆ, ಆಲ್ಝೈಮರ್ಸ್ ಅಂತ ಮೈಸೂರಿನಲ್ಲಿ ಹೇಳಿ ಎರಡು ವರ್ಷ ಆಯಿತು. ಹಗಲು ಹೇಗೋ ಇರುತ್ತಾರೆ. ಸಂಜೆ ಐದಾದರೆ ಸಾಕು, ‘ಡೇರಿಗೆ ಹೊತ್ತಾಯ್ತು, ಕ್ಯಾನು ಎಲ್ಲಿಟ್ರಿ’ ಅಂತ ಶುರು. ನಾವು ಹಸು ಮಾರಿ ಆರು ವರ್ಷವಾಗಿದೆ. ಹಾಗಂತ ಹೇಳಿದರೆ ಬಯ್ಯುತ್ತಾರೆ, ಬಾಗಿಲು ಎಳೆದಾಡುತ್ತಾರೆ. ಹೋದ ವಾರ ನನ್ನ ಮಗಳಿಗೆ ಚೊಂಬಿನಲ್ಲಿ ಹೊಡೆದರು. ಹೈದರಾಬಾದಿನಲ್ಲಿರುವ ನಮ್ಮ ಮೈದುನ ವಾಟ್ಸಾಪಿನಲ್ಲಿ ಒಂದು ಸುದ್ದಿ ಕಳಿಸಿದ್ದಾನೆ. ಅಲ್ಲಿನ ಕಂಪನಿಯೊಂದು ಇಂಥವರಿಗೇ ಮಸುಪಿರ್ಡಿನ್ ಅನ್ನೋ ಮಾತ್ರೆ ಪರೀಕ್ಷೆ ಮಾಡುತ್ತಿದೆಯಂತೆ, ಅದು ಸಿರೊಟೋನಿನ್ ತಡೆಯುತ್ತದಂತೆ. ಪಕ್ಕದ ಮನೆ ಮೇಷ್ಟ್ರು, ‘ಸಿರೊಟೋನಿನ್ ಅಂದರೆ ಸಂತೋಷದ ರಸ, ಅದನ್ನೂ ತಡೆದರೆ ಆಯಮ್ಮ ಕೊರಗಿ ಸಾಯ್ತಾರೆ’ ಅಂದರು. ಯಾರ ಮಾತು ಕೇಳೋದು? ಆ ಮಾತ್ರೆ ನಮಗೆ ಸಿಗುತ್ತದಾ? ಸೇರಿಸಿಕೊಂಡರೆ ಅತ್ತೆಯನ್ನು ಇಲಿ ಥರ ಬಳಸಿಕೊಳ್ಳುತ್ತಾರಾ? ಅವರು ತೆಗೆದುಕೊಳ್ಳುವ ಮಾತ್ರೆಗಳ ಪಟ್ಟಿ ಜೊತೆಗಿಟ್ಟಿದ್ದೇನೆ.
— ಹೆಸರು ಬೇಡ, ಮಂಡ್ಯ ಜಿಲ್ಲೆ

ಉತ್ತರ: ಪಟ್ಟಿ ಕಳಿಸಿದ್ದು ಬಹಳ ಒಳ್ಳೇದಾಯಿತು ಕಣಮ್ಮ. ನಿಮ್ಮ ಮೂರು ಪ್ರಶ್ನೆಗಿಂತ ಆ ಪಟ್ಟಿಯೇ ನನ್ನನ್ನು ಜಾಸ್ತಿ ಹೊತ್ತು ಕೂರಿಸಿತು. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ಮೇಷ್ಟ್ರ ಮಾತು ತೀರಿಸಿಬಿಡೋಣ.

ಸಿರೊಟೋನಿನ್‌ಗೆ ‘ಸಂತೋಷದ ರಸ’ ಅನ್ನೋ ಹೆಸರು ಯಾರು ಕಟ್ಟಿದರೋ, ಅವರಿಂದ ನನಗಂತೂ ಸುಖವಿಲ್ಲ. ಮೈಸೂರಿನಲ್ಲಿ ಮೂವತ್ತು ವರ್ಷ ಔಷಧಶಾಸ್ತ್ರದ ಪಾಠ ಮಾಡಿದೆ, ಪ್ರತಿ ವರ್ಷ ಹೊಸ ಬ್ಯಾಚಿನ ತಲೆಯಿಂದ ಇದೊಂದನ್ನು ಕಿತ್ತು ಹಾಕೋದೇ ಕೆಲಸ. ನಮ್ಮ ಮೈಯಲ್ಲಿರುವ ಸಿರೊಟೋನಿನ್‌ನಲ್ಲಿ ನೂರಕ್ಕೆ ತೊಂಬತ್ತು ಪಾಲು ಇರೋದು ಹೊಟ್ಟೆ–ಕರುಳಿನಲ್ಲಿ. 1948ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್‌ನಲ್ಲಿ ರಾಪೋರ್ಟ್, ಗ್ರೀನ್, ಪೇಜ್ ಅನ್ನೋ ಮೂವರು ಇದನ್ನು ರಕ್ತದ ಸೀರಂನಿಂದ, ಅಂದರೆ ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ನೀರಿನಿಂದ, ಬೇರ್ಪಡಿಸಿದರು. ಅವರು ಹುಡುಕುತ್ತಿದ್ದದ್ದು ರಕ್ತನಾಳವನ್ನು ಬಿಗಿ ಮಾಡುವ ವಸ್ತುವನ್ನು. ಸೀರಂನಲ್ಲಿದ್ದು ನಾಳಕ್ಕೆ ‘ಟೋನ್’, ಅಂದರೆ ಬಿಗಿ, ಕೊಡುತ್ತದೆ, ಅದಕ್ಕೇ ಸಿರೊಟೋನಿನ್. ಅದಕ್ಕೂ ಮುಂಚೆ ಇಟಲಿಯ ಎರ್ಸ್‌ಪಾಮರ್ ಅನ್ನುವವರಿಗೆ ಇದೇ ವಸ್ತು ಕರುಳಿನಲ್ಲಿ ಸಿಕ್ಕಿತ್ತು, ಅವರು ಬೇರೆ ಹೆಸರಿಟ್ಟಿದ್ದರು. ಎರಡೂ ಒಂದೇ ಅಂತ ಗೊತ್ತಾದದ್ದು 1952ರಲ್ಲಿ. ಮಿದುಳಿನಲ್ಲೂ ಇದೆ ಅಂತ ಬೆಟ್ಟಿ ಟ್ವಾರೋಗ್ ಅನ್ನುವ ಹೆಣ್ಣುಮಗಳು ತೋರಿಸಿದ್ದು ಅದಾದ ಮರುವರ್ಷ. ಅಂದರೆ ನಾಳ ಮೊದಲು, ಕರುಳು ಮೊದಲು. ಮನಸ್ಸು, ಸಂತೋಷ ಎಲ್ಲ ಆಮೇಲೆ ಬಂದ ನೆಂಟರು.

ಇನ್ನು ‘ತಡೆಯೋದು’ ಅಂದರೇನು? ನಮ್ಮ ಅರಮನೆ ನೆನಪು ಮಾಡಿಕೊಳ್ಳಿ. ಅದಕ್ಕೆ ಒಂದೇ ಬಾಗಿಲಲ್ಲ. ನೋಡೋಕೆ ಬಂದವರು ವರಾಹ ದ್ವಾರದಲ್ಲಿ ಒಳಗೆ ಹೋಗುತ್ತಾರೆ, ಜಂಬೂ ಸವಾರಿ ಹೊರಡೋದು ಬಲರಾಮ ದ್ವಾರದಿಂದ. ಪೊಲೀಸರು ವರಾಹ ದ್ವಾರಕ್ಕೆ ಬ್ಯಾರಿಕೇಡ್ ಹಾಕಿದರೆ ಅರಮನೆ ಮುಚ್ಚಿತು ಅನ್ನುತ್ತೇವಾ? ಸಿರೊಟೋನಿನ್‌ಗೂ ಹೀಗೇ. ಅದು ಹೋಗಿ ಕೂರುವ ಬಾಗಿಲುಗಳಲ್ಲಿ ಏಳು ಮನೆತನ, ಒಳಗೆ ಮತ್ತೆ ಕವಲು, ಒಟ್ಟು ಹದಿನಾಲ್ಕರಷ್ಟು ಬಗೆ. ಒಂದೊಂದು ಬಾಗಿಲಿಗೆ ಒಂದೊಂದು ಕೆಲಸ. ಮಾತ್ರೆ ಸಿರೊಟೋನಿನ್ನನ್ನು ಬತ್ತಿಸುವುದಿಲ್ಲ, ಯಾವುದೋ ಒಂದು ಬಾಗಿಲಲ್ಲಿ ಅಡ್ಡ ನಿಲ್ಲುತ್ತದೆ, ಅಷ್ಟೆ.

ನಿಮ್ಮ ಮೇಷ್ಟ್ರೂ ಇಂಥ ಮಾತ್ರೆ ನುಂಗಿರುವ ಸಾಧ್ಯತೆ ಜಾಸ್ತಿ. ವಾಂತಿ ನಿಲ್ಲಿಸೋಕೆ ಒಂಡಾನ್‌ಸೆಟ್ರಾನ್ ಅಂತ ಕೊಡುತ್ತಾರಲ್ಲ, ಅದು ಸಿರೊಟೋನಿನ್‌ನ 3ನೇ ಬಾಗಿಲು ತಡೆಯುವ ಔಷಧಿ. ಕ್ಯಾನ್ಸರ್‌ಗೆ ಕೀಮೋ ಕೊಟ್ಟಾಗ ಕರುಳಿನ ಕೋಶಗಳು ಸಿರೊಟೋನಿನ್ ಸುರಿಯುತ್ತವೆ. ಅದು ಅಲ್ಲಿನ ನರವನ್ನು ಮುಟ್ಟಿ ‘ವಾಂತಿ ಮಾಡು’ ಅಂತ ಮಿದುಳಿಗೆ ಸುದ್ದಿ ಮುಟ್ಟಿಸುತ್ತದೆ. ಒಂಡಾನ್‌ಸೆಟ್ರಾನ್ ಆ ದಾರಿಗೆ ಅಡ್ಡ. 1991ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು, ಈಗ ಊರೂರಿನ ಮೆಡಿಕಲ್ ಸ್ಟೋರಿನಲ್ಲೂ ಇದೆ. ಅದನ್ನು ತಿಂದು ಕೊರಗಿ ಸತ್ತವರನ್ನು ನಾನು ನೋಡಿಲ್ಲ. ಮಲಬದ್ಧತೆ ಅಂತ ಗೊಣಗಿದವರು ಬೇಕಾದಷ್ಟು ಜನ.

ಈಗ ನಿಮ್ಮ ಮೈದುನ ಕಳಿಸಿದ ಸುದ್ದಿ. ಅದು ಗಾಳಿಸುದ್ದಿ ಅಲ್ಲ. ಹೈದರಾಬಾದಿನ ಸುವೆನ್ ಲೈಫ್ ಸೈನ್ಸಸ್ ಅನ್ನೋ ಕಂಪನಿಯ ಔಷಧಿ ಅದು. ತಡೆಯೋದು 6ನೇ ಬಾಗಿಲನ್ನು. ಈ ಬಾಗಿಲು ಹೆಚ್ಚಾಗಿ ಇರೋದು ಮಿದುಳಿನಲ್ಲೇ, ನೆನಪಿನ ಕೆಲಸ ನಡೆಯುವ ಜಾಗಗಳಲ್ಲೂ ಇದೆ. ಅದನ್ನು ಮುಚ್ಚಿದರೆ ಅಸಿಟೈಲ್‌ಕೋಲಿನ್ ಅನ್ನೋ ಇನ್ನೊಂದು ರಸ ಜಾಸ್ತಿ ಹೊರಬರುತ್ತದೆ ಅಂತ ಪ್ರಾಣಿಗಳಲ್ಲಿ ಕಂಡಿತ್ತು. ಆಲ್ಝೈಮರ್ಸ್‌ನಲ್ಲಿ ಕಡಿಮೆಯಾಗುವುದೂ ಅದೇ ರಸ. ಹಾಗಾದರೆ ನೆನಪು ಸುಧಾರಿಸಬೇಕಲ್ಲ? ಲೆಕ್ಕ ಚೆನ್ನಾಗಿಯೇ ಇತ್ತು.

ಮಿದುಳು ಆ ಲೆಕ್ಕ ಕೇಳಲಿಲ್ಲ. ಇದೇ 6ನೇ ಬಾಗಿಲಿಗೆ ಡೆನ್ಮಾರ್ಕಿನ ಕಂಪನಿಯೊಂದು ಇಡಾಲೊಪಿರ್ಡಿನ್ ಅಂತ ಮಾಡಿತ್ತು. 278 ಜನರ ಸಣ್ಣ ಪರೀಕ್ಷೆಯಲ್ಲಿ ಗೆದ್ದಿತು, ಎಲ್ಲರೂ ಕುಣಿದರು. ಆಮೇಲೆ ಮೂರು ದೊಡ್ಡ ಪರೀಕ್ಷೆ, ಎಲ್ಲ ಸೇರಿ 2,525 ಜನ. 2018ರಲ್ಲಿ ಫಲಿತಾಂಶ ಅಚ್ಚಾಯಿತು. ಏನೂ ಇಲ್ಲ. ಇಂಟೆಪಿರ್ಡಿನ್ ಅನ್ನೋ ಇನ್ನೊಂದು 2017ರಲ್ಲೇ ಮುಗ್ಗರಿಸಿತ್ತು. ಮಸುಪಿರ್ಡಿನ್ ಕಥೆಯೂ ಮೊದಮೊದಲು ಅದೇ. ಅಮೆರಿಕದಲ್ಲಿ 564 ಜನರಿಗೆ 26 ವಾರ ಕೊಟ್ಟು ನೋಡಿದರು. ಅವರೆಲ್ಲ ಡೊನೆಪೆಜಿಲ್ ಮತ್ತು ಮೆಮಾಂಟಿನ್ ಅನ್ನೋ ಮರೆವಿನ ಮಾತ್ರೆ ಎರಡನ್ನೂ ಆಗಲೇ ತೆಗೆದುಕೊಳ್ಳುತ್ತಿದ್ದವರು. 2019ರಲ್ಲಿ ಬಂದ ಉತ್ತರ: ನೆನಪಿನ ಪರೀಕ್ಷೆಯಲ್ಲಿ ಔಷಧಿಯೇ ಇಲ್ಲದ ಖಾಲಿ ಮಾತ್ರೆಗಿಂತ ಮೇಲಿಲ್ಲ.

ಹಾಗಾದರೆ ಇನ್ನೂ ಯಾಕೆ ಅದರ ಸುದ್ದಿ? ಪರೀಕ್ಷೆ ಮುಗಿದ ಮೇಲೆ ಅದೇ ಲೆಕ್ಕವನ್ನು ತಿರುವಿ ಹಾಕಿದಾಗ ಇನ್ನೊಂದು ಕಂಡಿತು. ಮೊದಲಿನಿಂದಲೇ ಸಿಟ್ಟು, ಚಡಪಡಿಕೆ, ಹೊಡೆದಾಟ ಇದ್ದ ರೋಗಿಗಳಲ್ಲಿ, ಅಂದರೆ ನಿಮ್ಮ ಅತ್ತೆಯಂಥವರಲ್ಲಿ, ಈ ಮಾತ್ರೆ ತಿಂದವರು ಸ್ವಲ್ಪ ಶಾಂತವಾದ ಹಾಗೆ ಕಂಡಿತು. ಭತ್ತ ಜೊಳ್ಳಾಯಿತು, ಆದರೆ ಹುಲ್ಲು ಚೆನ್ನಾಗಿ ಬಂದಿದೆ ಅಂದ ಹಾಗೆ. ಸುಳ್ಳು ಅನ್ನೋಕಾಗಲ್ಲ. ಆದರೆ ಹುಲ್ಲಿಗಂತಲೇ ಇನ್ನೊಂದು ಬೆಳೆ ಇಟ್ಟು ನೋಡದೆ ನಂಬೋಕೂ ಆಗಲ್ಲ. ಅದಕ್ಕೇ ಸಿಟ್ಟು–ಚಡಪಡಿಕೆಯನ್ನೇ ಗುರಿಯಾಗಿ ಇಟ್ಟುಕೊಂಡು 3ನೇ ಹಂತದ, ಅಂದರೆ ಮಾರಾಟದ ಒಪ್ಪಿಗೆಗೆ ಮುಂಚಿನ ದೊಡ್ಡ ಪರೀಕ್ಷೆಗೆ ಇಳಿದರು. 12 ವಾರ, ಕೆಲವರಿಗೆ 50 ಮಿಲಿಗ್ರಾಂ, ಕೆಲವರಿಗೆ 100, ಉಳಿದವರಿಗೆ ಖಾಲಿ ಮಾತ್ರೆ. ಯಾರಿಗೆ ಯಾವುದು ಅಂತ ರೋಗಿಗೂ ಗೊತ್ತಿರುವುದಿಲ್ಲ, ಡಾಕ್ಟರಿಗೂ ಗೊತ್ತಿರುವುದಿಲ್ಲ. ನಿಮ್ಮತ್ತೆ ಸೇರಿದರೂ ಖಾಲಿ ಮಾತ್ರೆ ಬರಬಹುದು ಅನ್ನೋದು ನೆನಪಿರಲಿ.

ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ಪರೀಕ್ಷೆಯಲ್ಲಿರುವ ಔಷಧಿ ಅಂಗಡಿಯಲ್ಲಿ ಸಿಗುವುದಿಲ್ಲ. ಯಾರಾದರೂ ‘ಇಷ್ಟು ಸಾವಿರ ಕೊಡಿ, ತರಿಸಿ ಕೊಡುತ್ತೇನೆ’ ಅಂದರೆ ಅವನು ಕಳ್ಳ. ಪರೀಕ್ಷೆಗೆ ಸೇರೋಕೆ ದುಡ್ಡು ಕೊಡುವಂತಿಲ್ಲ, ಔಷಧಿ ಬಿಟ್ಟಿ. ನಮ್ಮ ದೇಶದಲ್ಲಿ ನಡೆಯುವ ಪ್ರತಿ ಔಷಧಿ ಪರೀಕ್ಷೆಯೂ ಸಿಟಿಆರ್‌ಐ ಅನ್ನೋ ಸರ್ಕಾರಿ ಪಟ್ಟಿಯಲ್ಲಿ ದಾಖಲಾಗಿರಬೇಕು, 2009ರ ಜೂನ್‌ನಿಂದ ಇದು ಕಡ್ಡಾಯ. ಮೊಬೈಲಿನಲ್ಲೇ ನೋಡಬಹುದು, ನಿಮ್ಮ ಮೈದುನನಿಗೆ ಹೇಳಿ. ಯಾವ ಊರಿನ ಯಾವ ಆಸ್ಪತ್ರೆ, ಯಾರನ್ನು ಸೇರಿಸಿಕೊಳ್ಳುತ್ತಾರೆ, ಯಾರನ್ನು ಇಲ್ಲ, ಎಲ್ಲ ಇರುತ್ತದೆ.

ಇಲಿಯ ಪ್ರಶ್ನೆ ಕೇಳಿದಿರಿ, ಬೇಜಾರಿಲ್ಲ. ಹಿಂದೆ ಹಾಗೆ ಭಯಪಡೋಕೆ ಕಾರಣವೂ ಇತ್ತು. 2019ರ ಔಷಧಿ ಪರೀಕ್ಷೆ ನಿಯಮ ಓದಿದರೆ ಸ್ವಲ್ಪ ಧೈರ್ಯ ಬರುತ್ತದೆ. ಆಸ್ಪತ್ರೆಯ ನೀತಿ ಸಮಿತಿ ಒಪ್ಪಬೇಕು. ನಿಮ್ಮತ್ತೆಯ ಹಾಗೆ ಸ್ವಂತ ತೀರ್ಮಾನ ಮಾಡಲಾಗದವರ ಪರವಾಗಿ ಮನೆಯ ಹಕ್ಕುದಾರರು ಸಹಿ ಹಾಕಬೇಕು. ಇಂಥವರ ಮೇಲೆ ಹೊಸ ಔಷಧಿ ನೋಡುವಾಗ ಒಪ್ಪಿಗೆ ಪಡೆಯೋದನ್ನು ವಿಡಿಯೊ ಮಾಡಬೇಕು. ಪರೀಕ್ಷೆಯಿಂದ ತೊಂದರೆಯಾದರೆ ಚಿಕಿತ್ಸೆ ಅವರ ಖರ್ಚು, ಪರಿಹಾರವೂ ಉಂಟು. ಯಾವಾಗ ಬೇಕಾದರೂ ಬಿಟ್ಟು ಬರಬಹುದು. ಒಪ್ಪಿಗೆ ಪತ್ರದ ಪ್ರತಿ ಕೇಳಿ ಇಸ್ಕೊಳ್ಳಿ, ಸುಮ್ನೆ ಸಹಿ ಹಾಕಿ ಬರಬೇಡಿ. ಇಷ್ಟೆಲ್ಲ ಸರಿಯಿದ್ದರೆ ಬೇಡ ಅನ್ನುವವಳು ನಾನಲ್ಲ. ಮೂವತ್ತು ವರ್ಷಕ್ಕೂ ಹಿಂದೆ ಯಾರೋ ಒಬ್ಬರು ಮೈಯೊಡ್ಡದಿದ್ದರೆ ಆ ವಾಂತಿ ಮಾತ್ರೆ ಇವತ್ತು ನಮಗಿರುತ್ತಿರಲಿಲ್ಲ.

ಇನ್ನು ನಿಮ್ಮ ಪಟ್ಟಿ.

ಬಿಪಿ ಮಾತ್ರೆ, ಸಕ್ಕರೆ ಮಾತ್ರೆ ಸರಿ. ಡೊನೆಪೆಜಿಲ್ 10, ರಾತ್ರಿ. ಅದರ ಕೆಳಗೆ ‘ಉಚ್ಚೆ ತಡೆಯೋಕೆ, ಎಂಟು ತಿಂಗಳಿಂದ’ ಅಂತ ಬರೆದು ಆಕ್ಸಿಬ್ಯುಟಿನಿನ್ ಅಂತ ಹಾಕಿದ್ದೀರಿ. ಅಲ್ಲಿ ನನ್ನ ಕನ್ನಡಕ ಜಾರಿತು.

ಡೊನೆಪೆಜಿಲ್ ಮಾಡೋದೇನು? ಆಗಲೇ ಹೇಳಿದೆನಲ್ಲ, ಅಸಿಟೈಲ್‌ಕೋಲಿನ್, ಅದು ಬೇಗ ಕರಗಿಹೋಗದಂತೆ ಉಳಿಸುತ್ತದೆ. ಆ ರಸ ಮಿದುಳಿನಲ್ಲಿ ಮಾತ್ರ ಇಲ್ಲ, ಮೂತ್ರದ ಚೀಲದಲ್ಲೂ ಇದೆ. ಅಲ್ಲಿ ಜಾಸ್ತಿಯಾದರೆ ತಡೆಯಲಾರದ ಉಚ್ಚೆ. ಆಗ ಇನ್ನೊಬ್ಬ ಡಾಕ್ಟರ ಹತ್ತಿರ ಹೋಗುತ್ತೀರಿ, ಅವರು ಉಚ್ಚೆಗೆ ಅಂತ ಆಕ್ಸಿಬ್ಯುಟಿನಿನ್ ಬರೆಯುತ್ತಾರೆ. ಅದರ ಕೆಲಸ ಅಸಿಟೈಲ್‌ಕೋಲಿನ್ನನ್ನು ತಡೆಯೋದು. ಚೀಲದಲ್ಲಿ ಮಾತ್ರ ತಡೆದು ಸುಮ್ಮನಿರುವುದಿಲ್ಲ, ವಯಸ್ಸಾದವರ ಮಿದುಳಿಗೂ ಇಳಿಯುತ್ತದೆ. ತೊಟ್ಟಿಗೆ ಒಂದು ಕಡೆ ಮೋಟಾರ್ ಹಾಕಿ, ಇನ್ನೊಂದು ಕಡೆ ತೂಬು ಎತ್ತಿದ ಹಾಗಾಯಿತು. ಗಲಿಬಿಲಿ, ಚಡಪಡಿಕೆ, ಬಾಯಿ ಒಣಗೋದು, ಮಲಬದ್ಧತೆ, ಎಲ್ಲ ಬರಬಹುದು. ಚೊಂಬಿನಲ್ಲಿ ಹೊಡೆಯೋದು ಯಾವಾಗಿನಿಂದ ಶುರುವಾಯಿತು ಅಂತ ನೆನಪು ಮಾಡಿಕೊಳ್ಳಿ. ಈ ಎಂಟು ತಿಂಗಳ ಒಳಗೇ ಆಗಿದ್ದರೆ ನನಗೆ ಆಶ್ಚರ್ಯವಿಲ್ಲ.

ಯಾರನ್ನೂ ಬಯ್ಯೋಕೆ ಹೇಳುತ್ತಿಲ್ಲ. ನಾನೇ ಇದರಲ್ಲಿ ಬಿದ್ದವಳು. ನಮ್ಮ ಅಮ್ಮನಿಗೂ ಕೊನೆಗಾಲದಲ್ಲಿ ಮರೆವು ಬಂದಿತ್ತು, ಮಂಡ್ಯದ ಮನೆಯಲ್ಲೇ ಇದ್ದರು. ಒಂದು ಡಿಸೆಂಬರ್‌ನಲ್ಲಿ ಮೂಗು ಸುರಿಯುತ್ತಿದೆ ಅಂತ ಮನೆಯಲ್ಲಿದ್ದ ಶೀತದ ಮಾತ್ರೆ ಕೊಟ್ಟೆ. ದಿನಕ್ಕೆ ಮೂರು, ಮೂರು ದಿನ. ಕ್ಲೋರ್‌ಫೆನಿರಮಿನ್ ಇರುವ ಮಾಮೂಲಿ ಮಾತ್ರೆ. ಮೂರನೇ ರಾತ್ರಿ ಎದ್ದು ನೋಡಿದರೆ ಅಮ್ಮ ಮಂಚದ ಮೇಲೆ ಕೂತು ಹೊದಿಕೆಯ ಅಂಚನ್ನು ಹಿಡಿದು, ಅವರೆಕಾಳು ಹಿಸುಕುವ ಹಾಗೆ ಹೆಬ್ಬೆರಳಲ್ಲಿ ಒಂದೊಂದೇ ಹಿಸುಕುತ್ತಿದ್ದಾರೆ. ಮಡಿಲಲ್ಲಿ ಬೇಳೆ ರಾಶಿ ಬಿದ್ದಿದೆ ಅನ್ನೋ ಹಾಗೆ ಗುಡ್ಡೆ ಮಾಡುತ್ತಿದ್ದಾರೆ. ನನ್ನನ್ನು ನೋಡಿ ‘ಸಿಪ್ಪೆ ಬೇರೆ ಇಡೇ’ ಅಂದರು. ಕಾಯಿಲೆ ಮುಂದಿನ ಮೆಟ್ಟಿಲು ಹತ್ತಿತು ಅಂತ ಅತ್ತುಬಿಟ್ಟೆ. ಬೆಳಿಗ್ಗೆ ಕಾಫಿ ಕಾಯಿಸುವಾಗ ಆ ಮಾತ್ರೆಯ ಸ್ಟ್ರಿಪ್ ಕಣ್ಣಿಗೆ ಬಿತ್ತು. ಮೂವತ್ತು ವರ್ಷ ಪಾಠ ಹೇಳಿದ ವಿಷಯ! ನಿಲ್ಲಿಸಿದ ಎರಡು ದಿನಕ್ಕೆ ಅವರೆಕಾಳು ಹೋಯಿತು. ಮರೆವು ಉಳಿಯಿತು, ಅದು ಬೇರೆ.

ಹಾಗಂತ ನೀವು ಇವತ್ತೇ ಮಾತ್ರೆ ನಿಲ್ಲಿಸಬೇಡಿ. ಎಲ್ಲ ಮಾತ್ರೆ, ಟಾನಿಕ್, ಶೀತಕ್ಕೆ ತಂದದ್ದು, ನೋವಿಗೆ ತಂದದ್ದು, ನಾಟಿ ಔಷಧಿ ಸೇರಿ ಒಂದು ಡಬ್ಬಿಗೆ ಹಾಕಿಕೊಂಡು ಮರೆವಿನ ಡಾಕ್ಟರ ಮುಂದೆ ಸುರಿಯಿರಿ. ಎರಡು ಪ್ರಶ್ನೆ ಕೇಳಿ. ಉಚ್ಚೆ ಮಾತ್ರೆ ಬಿಡಬಹುದಾ? ಡೊನೆಪೆಜಿಲ್ ರಾತ್ರಿಯ ಬದಲು ಬೆಳಿಗ್ಗೆಗೆ ಹಾಕಬಹುದಾ? ರಾತ್ರಿ ತಿಂದರೆ ಕೆಲವರಿಗೆ ಕೆಟ್ಟ ಕನಸು, ನಿದ್ದೆಗೇಡು. ಜೊತೆಗೆ ಒಂದು ಮೂತ್ರ ಪರೀಕ್ಷೆ ಮಾಡಿಸಿ. ಮುದುಕಿಯರಿಗೆ ಮೂತ್ರದ ಸೋಂಕು ಜ್ವರವಿಲ್ಲದೆ ಬರೀ ಸಿಟ್ಟಾಗಿಯೂ ಬರುತ್ತದೆ. ಮಲ ಕಟ್ಟಿದೆಯಾ, ಮಂಡಿ ನೋವಿದೆಯಾ, ಕಣ್ಣಿಗೆ ಪೊರೆ ಇದೆಯಾ, ಅದನ್ನೂ ಕೇಳಿ. ಹೇಳಿಕೊಳ್ಳೋಕೆ ಅವರಿಗೆ ಬಾಯಿಲ್ಲ.

ಸಿಟ್ಟಿಗೆ ಅಂತ ರಿಸ್ಪೆರಿಡೋನ್ ಥರದ ಮಾತ್ರೆ ಬರೆದರೆ, ಎಷ್ಟು ವಾರಕ್ಕೆ ಅಂತ ಕೇಳಲೇಬೇಕು. ಅದೂ ಸಿರೊಟೋನಿನ್‌ನ ಒಂದು ಬಾಗಿಲು ತಡೆಯುತ್ತದೆ, ಡೋಪಮಿನ್ ಅನ್ನೋ ಮಿದುಳಿನ ಇನ್ನೊಂದು ರಸದ ಬಾಗಿಲನ್ನೂ ತಡೆಯುತ್ತದೆ. ಕೆಲವರಿಗೆ ಬೇಕೇ ಬೇಕಾಗುತ್ತದೆ, ನಿಜ. ಆದರೆ ಈ ಗುಂಪಿನ ಮಾತ್ರೆಗಳನ್ನು ಮರೆವಿನ ಕಾಯಿಲೆಯ ವೃದ್ಧರಿಗೆ ಕೊಟ್ಟ 17 ಪರೀಕ್ಷೆಗಳನ್ನು ಒಟ್ಟು ಹಾಕಿ ನೋಡಿದಾಗ, ಹತ್ತು ವಾರದ ಆಸುಪಾಸಿನಲ್ಲಿ ಸತ್ತವರು ನೂರಕ್ಕೆ ಸುಮಾರು 4.5, ಖಾಲಿ ಮಾತ್ರೆಯವರಲ್ಲಿ 2.6. ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 2005ರಲ್ಲೇ ಇದನ್ನು ಔಷಧಿಯ ಮಾಹಿತಿ ಪತ್ರದಲ್ಲಿ ಚೌಕಟ್ಟು ಹಾಕಿಸಿ ಎಚ್ಚರಿಸಿತು. ಮಸುಪಿರ್ಡಿನ್ ಥರದ್ದಕ್ಕೆ ಜನ ಕಾಯುತ್ತಿರುವುದು ಇದೇ ಕಾರಣಕ್ಕೆ.

ಮತ್ತೆ ಆ ಹಾಲಿನ ಕ್ಯಾನು. ಅಟ್ಟದ ಮೇಲೆ ಎಲ್ಲೋ ಇರಬೇಕಲ್ಲ, ಕೆಳಗಿಳಿಸಿ. ‘ಹಸು ಮಾರಿದ್ದೀವಿ’ ಅಂತ ದಿನಾ ಹೇಳಿದರೆ ಅವರಿಗೆ ದಿನಾ ಹೊಸದಾಗಿ ಹಸು ಮಾರಿದ ಹಾಗೆ. ನಾಲ್ಕೂವರೆಗೇ ಕ್ಯಾನು ಕೈಗೆ ಕೊಡಿ, ತೊಳೆದು ಒರೆಸಲಿ. ನಿಮ್ಮ ಯಜಮಾನರು ಜೊತೆಗೆ ಡೇರಿಯ ತನಕ ನಡೆಸಿಕೊಂಡು ಹೋಗಿ ಬರಲಿ. ಮನೆಗೆ ಬೇಕಾದ ಅರ್ಧ ಲೀಟರ್ ಅದರಲ್ಲೇ ತರಬಹುದು. ಕತ್ತಲಾಗುವ ಮುಂಚೆ ದೀಪ ಹಾಕಿ. ಮಗುವನ್ನು ಆ ಹೊತ್ತಿನಲ್ಲಿ ಅವರ ಪಕ್ಕ ಒಂಟಿಯಾಗಿ ಬಿಡಬೇಡಿ, ಚೊಂಬುಗಳನ್ನೂ ಒಳಗಿಡಿ. ಎರಡು ತಿಂಗಳು ಬಿಟ್ಟು ಏನಾಯಿತು ಅಂತ ನನಗೊಂದು ಕಾಗದ ಹಾಕಿ.

ಪ್ರಶ್ನೆ: ತಂದೆಗೆ 81 ವರ್ಷ, ಊಟ ಸೇರುತ್ತಿಲ್ಲ. ಮೊಮ್ಮಗನಿಗೆ ಹಸಿವಾಗಲಿ ಅಂತ ತಂದ ಸಿರಪ್ ಅರ್ಧ ಬಾಟಲಿ ಉಳಿದಿದೆ, ಸೈಪ್ರೊಹೆಪ್ಟಡಿನ್ ಅಂತ ಬರೆದಿದೆ. ಕೊಡಬಹುದಾ?
— ಸರಸ್ವತಿಪುರಂ, ಮೈಸೂರು

ಉತ್ತರ: ಬೇಡ. ನೋಡಿ, ಮೇಲಿನ ಪತ್ರ ಬಂದ ವಾರವೇ ಇದೂ ಬಂತು. ನಿಮ್ಮ ಬಾಟಲಿಯಲ್ಲಿರುವುದೂ ಸಿರೊಟೋನಿನ್ ತಡೆಯುವ ಔಷಧಿಯೇ, ಬಹಳ ಹಳೇದು. ಹಸಿವು ಹೆಚ್ಚಿಸುವುದು ಅದರ ಅಡ್ಡ ಗುಣ. ಸಿರೊಟೋನಿನ್ ವಿಪರೀತ ಏರಿ ಮೈ ನಡುಗುವ ಅಪಾಯದ ಸ್ಥಿತಿಯಲ್ಲಿ ಆಸ್ಪತ್ರೆಯವರು ಇದನ್ನು ಬಳಸುವುದುಂಟು. ಆದರೆ ಇದು ಒಂದೇ ಬಾಗಿಲಲ್ಲಿ ನಿಲ್ಲುವ ಸಭ್ಯಸ್ಥ ಅಲ್ಲ. ಅಲರ್ಜಿ ತರುವ ಹಿಸ್ಟಮಿನ್ ಅನ್ನೋ ರಸವನ್ನು ತಡೆಯುತ್ತದೆ, ಅಸಿಟೈಲ್‌ಕೋಲಿನ್ನನ್ನೂ ತಡೆಯುತ್ತದೆ. 81ರಲ್ಲಿ ತೂಕಡಿಕೆ, ಗಲಿಬಿಲಿ, ಮೂತ್ರ ಕಟ್ಟೋದು, ಬಚ್ಚಲಲ್ಲಿ ಬೀಳೋದು. ಮೊದಲು ಅವರ ಹಲ್ಲಿನ ಸೆಟ್ಟು ಸಡಿಲವಾಗಿದೆಯಾ ನೋಡಿ. ಮುದ್ದೆ ನುಂಗೋರು ಚಪಾತಿ ಅಗಿಯಲಾರದೆ ತಟ್ಟೆ ತಳ್ಳುತ್ತಿರಬಹುದು. ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ತಿನ್ನುತ್ತಿದ್ದರೆ ಅದೂ ಹಸಿವು ಕೊಲ್ಲುತ್ತದೆ. ತೂಕ ಇಳಿಯುತ್ತಿದ್ದರೆ ತಡ ಮಾಡದೆ ತೋರಿಸಿ. ಉಳಿದ ಸಿರಪ್ ಎಸೆಯಿರಿ, ಮೊಮ್ಮಗನಿಗೂ ಡಾಕ್ಟರನ್ನು ಕೇಳದೆ ಕೊಡಬೇಡಿ.

ಪ್ರಶ್ನೆ: ಬಾಳೆಹಣ್ಣಿನಲ್ಲಿ ಸಿರೊಟೋನಿನ್ ಇದೆಯಂತೆ. ಪರೀಕ್ಷೆ ಹತ್ತಿರ ಬಂತು, ಮನಸ್ಸು ಸರಿಯಿಲ್ಲ. ದಿನಾ ನಂಜನಗೂಡು ರಸಬಾಳೆ ತಿಂದರೆ ಉಲ್ಲಾಸ ಬರುತ್ತದಾ?
— ವಿದ್ಯಾರ್ಥಿನಿ, ಮೈಸೂರು

ಉತ್ತರ: ಇದೆ ಮಗಳೇ, ಸುಳ್ಳಲ್ಲ. ಆದರೆ ತಿಂದ ಸಿರೊಟೋನಿನ್ ರಕ್ತದಿಂದ ಮಿದುಳಿಗೆ ದಾಟುವುದಿಲ್ಲ, ನಡುವೆ ಗೋಡೆ ಇದೆ. ಉಲ್ಲಾಸ ಬಂದರೆ ಅದು ರಸಬಾಳೆಯ ಘಮಕ್ಕೆ. ಆ ಹಣ್ಣಿಗೆ ಪನಾಮಾ ರೋಗ ಬಡಿದು ತೋಟಗಳೇ ಕಡಿಮೆಯಾಗಿವೆ, ದಿನಾ ಎಲ್ಲಿ ಸಿಗುತ್ತದೆ ನಿನಗೆ? ನಿದ್ದೆ, ಊಟ ಕೆಟ್ಟು ಎರಡು ವಾರದ ಮೇಲಾಗಿದ್ದರೆ ಮನೆಯಲ್ಲಿ ಹೇಳಿ ಡಾಕ್ಟರ ಹತ್ತಿರ ಹೋಗು. ಇನ್ನೊಂದು: ಸಿರೊಟೋನಿನ್ ಸುರಿಸುವ ಮೈಯೊಳಗೆ ಬೆಳೆಯುವ ಒಂದು ಅಪರೂಪದ ಗೆಡ್ಡೆ ಹುಡುಕೋಕೆ ದಿನವಿಡೀ ಮೂತ್ರ ಹಿಡಿದಿಟ್ಟು ಪರೀಕ್ಷೆ ಮಾಡುತ್ತಾರೆ. ಅದಕ್ಕೆ ಮುಂಚೆ ಬಾಳೆಹಣ್ಣು, ಅನಾನಸ್ ತಿನ್ನಬೇಡಿ ಅನ್ನುತ್ತಾರೆ, ಲೆಕ್ಕ ತಪ್ಪುತ್ತದೆ ಅಂತ. ನಿನಗೆ ಆ ಪರೀಕ್ಷೆ ಇಲ್ಲವಲ್ಲ, ಸಿಕ್ಕಾಗ ತಿನ್ನು.